ಹೊಗೆ ಬಿಡದ ಬೆಲ್ಟು

ಮಾತು ನಡೆದದ್ದು ಗದ್ವಾಲದ ಒಂದು ಗ್ಯಾರೇಜಿನಲ್ಲಿ. ಮಕ್ತಲ್‌ನ ಕನ್ನಡ ಮಾಸ್ತರರು, ಅವರ ಸೋದರಮಾವನಾದ ನಾರಾಯಣಪೇಟೆಯ ಸೀರೆ ವ್ಯಾಪಾರಿ, ಗ್ಯಾರೇಜಿನ ಉಸ್ತಾದ್. ಆತ್ಮಕೂರು ದಾಟಿ, ಜುರಾಲಾ ಅಣೆಕಟ್ಟಿನ ಮೇಲೆ ಹಾದು ಬಂದ ಮಾಸ್ತರರ 2012ರ ಡೀಸೆಲ್ ಇನ್ನೋವಾ ಬಾನೆಟ್ ತೆರೆದು ನಿಂತಿದೆ. ಒಂದೂವರೆ ಲಕ್ಷ ಕಿಲೋಮೀಟರ್ ಮುಟ್ಟಲು ಸ್ವಲ್ಪವೇ ಬಾಕಿ.

ಮಾವ: ಕೇಳಿಲ್ಲಿ, ಒಂದು ಟಪ್ ಅಂತ ಸಪ್ಪಳಿಲ್ಲ. ಹೊಗಿ ಇಲ್ಲ. ಇಂಥಾ ಇಂಜಿನ್ ಯಾಕ ಬಿಚ್ಚಸ್ತೀ?

ಮಾಸ್ತರ್: ಇಂಜಿನ್ ಅಲ್ಲ ಮಾವ, ಟೈಮಿಂಗ್ ಬೆಲ್ಟು. ಒಂದೂವರಿ ಲಕ್ಷಕ್ಕ ಬದಲು ಮಾಡ್ರಿ ಅಂತ ಕಂಪನಿ ಪುಸ್ತಕದಾಗ ಅದ.

ಮಾವ: ಬರದವ ನಿನ್ನ ಗಾಡಿ ನೋಡ್ಯಾನೇನು? ನನ್ನ ಅಂಬಾಸಡರ್ ಸೀರಿ ಗಂಟು ಹೊತ್ಕೊಂಡು ವರ್ಷಗಟ್ಟಲೆ ಹೈದರಾಬಾದಿಗೆ ಓಡ್ತು. ಅದರಾಗ ಬೆಲ್ಟಿಲ್ಲ, ಚೈನು. ಕೆಡೂಕಿಂತ ಮೊದಲೇ ಹೇಳ್ತಿತ್ತು. ಚೈನು ಸಡಲಾದ್ರ ಗಲಗಲ ಅಂತಿತ್ತು, ರಿಂಗ್ ಸವದ್ರ ನೀಲಿ ಹೊಗಿ. ಕಣ್ಣು, ಕಿವಿ ಇದ್ರ ಸಾಕು.

ಮಾಸ್ತರ್: ತರ್ಕಶಾಸ್ತ್ರದವರು ಅದಕ್ಕ ಅನುಮಾನ ಅಂತಾರ. ಗುಡ್ಡದ ಮ್ಯಾಲ ಹೊಗಿ ಕಂಡ್ರ ಅಲ್ಲಿ ಬೆಂಕಿ ಅದ ಅಂತ ತಿಳೀತದ. ನೀಲಿ ಹೊಗಿ ಕಂಡ್ರ ಆಯಿಲ್ ಸುಡಾಕತ್ತದ, ಕರಿ ಹೊಗಿ ಕಂಡ್ರ ಡೀಸೆಲಿಗೆ ತಕ್ಕ ಗಾಳಿ ಸಿಗವಲ್ದು. ಆದ್ರ ಹೊಗಿ ಇಲ್ಲಂದ್ರ ಬೆಂಕಿ ಇಲ್ಲ ಅನ್ನಾಕ ಬರಂಗಿಲ್ಲ. ಕೆಂಪಗ ಕಾದ ಕಬ್ಬಿಣದ ಗುಂಡಿನಾಗ ಬೆಂಕಿ ಇರ್ತದ, ಹೊಗಿ ಇರಂಗಿಲ್ಲ. ಇದೂ ಅವರೇ ಕೊಟ್ಟ ಉದಾಹರಣಿ.

ಉಸ್ತಾದ್: ಬೆಲ್ಟು ಅಂಥಾದ್ದೇ ನೋಡ್ರಿ. ಸಪ್ಪಳ ಮಾಡದೇ ಹರೀಬಹುದು. ಹರೀತಂದ್ರ ಕ್ಯಾಮ್‌ಶಾಫ್ಟ್ ನಿಲ್ತದ, ಪಿಸ್ಟನ್ ಮ್ಯಾಲ ಬಂದು ತೆರದ ವಾಲ್ವಿಗೆ ಬಡೀತದ. ಆಮ್ಯಾಲ ಹೆಡ್ ಇಳಿಸೂದೇ.

ಮಾವ: ಹಂಗಾದ್ರ ಕವರ್ ತಗದು ನೋಡು. ಸವದಿದ್ರ ಬದಲು ಮಾಡು, ಇಲ್ಲಾಂದ್ರ ಮುಚ್ಚು.

ಉಸ್ತಾದ್: ಸೀಳು ಕಂಡ್ರ ಸರಿ. ಕಾಣದಿದ್ರ? ಸಾವ್ಕಾರ್ರ, ಮ್ಯಾಲ ಕಾಣೂದು ರಬ್ಬರು. ಎಳತ ತಡಿಯೂದು ಒಳಗಿನ ಗಾಜಿನ ನೂಲು. ನೂಲಿನ ಮಾತು ನಿಮಗ ನಾ ಹೇಳಬೇಕೇನ್ರಿ?

ಸೀರೆ ವ್ಯಾಪಾರಿ ತುಸು ಹೊತ್ತು ಸುಮ್ಮನಾದರು. ಗದ್ವಾಲ ಸೀರೆಯಲ್ಲಿ ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಕೂಡುವ ಜಾಗವನ್ನು ಬೆರಳಲ್ಲಿ ಜಗ್ಗಿ ನೋಡಿಯೇ ಕೊಳ್ಳುವವರು ಅವರು. ಬರೀ ಹೊಳಪು ನೋಡಿ ದುಡ್ಡು ಎಣಿಸಿದ ಕೈ ಅದಲ್ಲ. ಅವರ ಮುಂದಿನ ಪ್ರಶ್ನೆಯೇ ಇಡೀ ಚರ್ಚೆಯಲ್ಲಿ ಗಟ್ಟಿಯಾದದ್ದು ಎಂದು ನನಗನ್ನಿಸುತ್ತದೆ.

ಮಾವ: ಆತು, ಒಪ್ಪಿದೆ. ನಾಳಿ ಹಳೇ ಬೆಲ್ಟು ಹೊರಗ ಬರ್ತದ, ಗಟ್ಟಿಮುಟ್ಟಾಗೇ ಕಾಣ್ತದ. ಖರ್ಚು ಮಾಡಿದ್ದು ಸರಿ ಅನ್ನಾಕ ಏನು ಸಾಕ್ಷಿ? ಹರೀಲಿಲ್ಲ ಅನ್ನೂದು ಸಾಕ್ಷಿ ಆಗ್ತದೇನು?

ಮಾಸ್ತರ್: ಆಗಂಗಿಲ್ಲ. ಕೆಟ್ಟದ್ದು ಕಾಣ್ತದ, ಕೆಡದೇ ಉಳದದ್ದು ಕಾಣಂಗಿಲ್ಲ. ನನ್ನದೊಂದು ಬೆಲ್ಟು ನೋಡಿ ಏನೂ ಸಿದ್ಧ ಆಗೂದಿಲ್ಲ. ರಾಶಿ ಬೆಲ್ಟು ಓಡಿಸಿ, ಹರಿಯೂತನಕ ನೋಡಿದವರ ಮಾತು ಬೇಕು. ಪ್ರತ್ಯಕ್ಷಕ್ಕೂ ಅನುಮಾನಕ್ಕೂ ಸಿಗದ ಕಡಿ ಆಪ್ತವಾಕ್ಯನೇ ಪ್ರಮಾಣ.

ಮಾವ: ಬೆಲ್ಟು ಮಾರವನೇ ಆಪ್ತನೇನು?

ಮಾಸ್ತರ್: ತಾನು ನೇರ ತಿಳಕೊಂಡದ್ದನ್ನ ಇದ್ದಹಂಗ ಹೇಳಬೇಕು ಅನ್ನವ ಆಪ್ತ. ವಾತ್ಸ್ಯಾಯನ ನ್ಯಾಯಭಾಷ್ಯದಾಗ ಹಂಗೇ ಅಂತಾನ. ಅವ ಋಷಿನೇ ಆಗಿರಬೇಕಂತಿಲ್ಲ.

ಉಸ್ತಾದ್: ಪುಸ್ತಕದಾಗ ಇನ್ನೊಂದು ಪುಟ ಅದರಿ, ಭಾಳ ಮಂದಿ ಓದಂಗಿಲ್ಲ. ಧೂಳಿನ ದಾರಿ, ಬರೇ ಸಣ್ಣ ಓಡಾಟ ಇದ್ರ ಆಯಿಲ್, ಫಿಲ್ಟರ್ ಬೇಗ ಬದಲು ಮಾಡ್ರಿ ಅಂತ. ಎಷ್ಟು ಧೂಳಿಗೆ ಧೂಳು ಅನ್ನಬೇಕು, ಅದನ್ನ ಅವರು ಹೆಂಗ ಹೇಳ್ಯಾರು? ಮಾಸ್ತರ್ರು ದಿನಾ ಕೃಷ್ಣಾ ಊರ ಕಡಿ ಸಾಲಿಗೆ ಹೋಗ್ತಾರ. ರಾಶಿ ಕಾಲಕ್ಕ ಈ ಗಾಡಿ ಏರ್ ಫಿಲ್ಟರ್ ಬಿಚ್ಚಿದ್ರ ಕರಿಮಣ್ಣು ಉದುರ್ತದ. ಅದನ್ನ ನಾ ಕಂಡೀನಿ.

ಮಾಸ್ತರ್: ಸೂತ್ರ ಅವರದು, ಭಾಷ್ಯ ಉಸ್ತಾದರದು.

ಮಾವ: ಭಾಷ್ಯಕಾರಗ ಸಾಮಾನು ಮಾರಿದ್ರ ಲಾಭ ಅದ, ಮರೀಬ್ಯಾಡ.

ಉಸ್ತಾದ್: ಅದ, ಇಲ್ಲ ಅನ್ನಂಗಿಲ್ಲ. ಅದಕ್ಕೇ ತಗದ ಸಾಮಾನೆಲ್ಲಾ ಗಿರಾಕಿ ಕೈಯಾಗ ಕೊಡ್ತೀನಿ.

ಮಾವ: 2016ರಾಗ ಬಂದ ಇನ್ನೋವಾ ಕ್ರಿಸ್ಟಾಗ ಮತ್ತ ಚೈನೇ ಹಾಕ್ಯಾರಲ್ಲ! 2014ರಾಗ ನಿಂತುಹೋದ ನನ್ನ ಅಂಬಾಸಡರ್ ಹೇಳಿದ್ದೇ ಖರೆ ಆತು.

ಉಸ್ತಾದ್: ಚೈನಿಗೂ ಚೊಲೋ ಆಯಿಲ್ ಬೇಕ್ರಿ. ಆಯಿಲ್ ಬದಲು ಮಾಡದಿದ್ರ ಅದೂ ಸವೀತದ.

ಮಾವ: ಸವದ್ರ ಸಪ್ಪಳ ಮಾಡ್ತದ!

ಮಾಸ್ತರ್: ಕೇಳವರು ಯಾರು ಮಾವ? ಗ್ಲಾಸ್ ಏರಿಸಿ, ಎಸಿ ಹಾಕಿ, ಹಾಡು ಹಚ್ಚಿ ಹೊಂಟವಗ ಇಂಜಿನ್ ಹೆಂಗ ಕೇಳಿಸ್ತದ?

ಉಸ್ತಾದ್: ಬೆಲ್ಟಿನ ಜೋಡಿ ಟೆನ್ಷನರ್ ಬೇರಿಂಗೂ ಬದಲು ಮಾಡ್ಲೇನ್ರಿ?

ಮಾವ: ಬೆಲ್ಟು ಮಾಡು, ಅದು ಪುಸ್ತಕದ ಮಾತು. ಬೇರಿಂಗ್ ಮೊದಲು ನನ್ನ ಕೈಗೆ ಕೊಡು, ತಿರುಗಿಸಿ ನೋಡ್ತೀನಿ. ಕರಕರ ಅಂದ್ರ ಹೊಸಾದು ಹಾಕು.

ಉಸ್ತಾದ್: ಕರಕರ ಅನ್ನದಿದ್ರೂ ಹಾಕ್ತೀನ್ರಿ ಸಾವ್ಕಾರ್ರ. ಅದೂ ಅಷ್ಟೇ ದೂರ ಓಡ್ಯಾದ.