ಕೆಲಸ ಮಾಡದ ಹಗ್ಗ

“ಅಮ್ಮ ಏನ್ ಕೆಲಸ ಮಾಡ್ತಾರೆ ಸಾರ್?” ಇನ್ಶೂರೆನ್ಸ್ ಫಾರ್ಮ್ ತುಂಬಿಸ್ತಿದ್ದ ಏಜೆಂಟ್ ಕೇಳಿದ. “ಏನಿಲ್ಲ, ಮನೇಲಿರ್ತಾರೆ” ಅಂದೆ. ಅದೇ ಹೊತ್ತಿಗೆ ಅಮ್ಮ ಪಕ್ಕದ ರೂಮಿನಲ್ಲಿ, ಆರು ವರ್ಷದಿಂದ ಹಾಸಿಗೆ ಹಿಡಿದಿರುವ ಅಜ್ಜಿಯನ್ನು ಮಗ್ಗುಲು ತಿರುಗಿಸುತ್ತಿದ್ದಳು.

ಅವತ್ತು ರಾತ್ರಿ ನೆನಪಾದದ್ದು ಎಂ.ಎಸ್ಸಿ. ಮೊದಲ ಸೆಮಿಸ್ಟರಿನ ಕ್ಲಾಸಿಕಲ್ ಮೆಕ್ಯಾನಿಕ್ಸ್.

ಡಿಗ್ರಿವರೆಗೂ ನಾವು ಹಿಡಿದದ್ದು ನ್ಯೂಟನ್ನನ ದಾರಿ. ಹಗ್ಗಕ್ಕೆ ಕಟ್ಟಿದ ಲೋಲಕದ ಗುಂಡು ತೂಗಾಡುತ್ತಿದ್ದರೆ, ಅದರ ಮೇಲಿನ ಒಂದೊಂದು ಬಲಕ್ಕೂ ಬಾಣ ಬರೆಯಬೇಕು: ಕೆಳಕ್ಕೆ ಗುರುತ್ವ, ಹಗ್ಗದುದ್ದಕ್ಕೂ ಟೆನ್ಶನ್. ಎಂ.ಎಸ್ಸಿ.ಯಲ್ಲಿ ಲಗ್ರಾಂಜ್ ಬಂದ. 1788ರಲ್ಲಿ ಬಂದ ತನ್ನ ಪುಸ್ತಕದ ಮುನ್ನುಡಿಯಲ್ಲೇ, ಇದರಲ್ಲಿ ಒಂದೂ ಚಿತ್ರವಿಲ್ಲ ಅಂತ ಹೇಳಿಬಿಟ್ಟವನು. ಅವನಿಗೆ ಬಾಣಗಳೇ ಬೇಡ. ಹಗ್ಗದ ಉದ್ದ ಬದಲಾಗಲ್ಲ ತಾನೆ? ಹಾಗಾದರೆ ಗುಂಡು ಎಲ್ಲಿದೆ ಅಂತ ಹೇಳೋಕೆ ಒಂದು ಕೋನ ಸಾಕು. ಚಲನಶಕ್ತಿಯಿಂದ ಪ್ರಚ್ಛನ್ನಶಕ್ತಿ ಕಳೆದು ಅವನ ಸಮೀಕರಣಕ್ಕೆ ಹಾಕಿದರೆ ಗುಂಡಿನ ಚಲನೆ ಪೂರ್ತಿ ಸಿಗುತ್ತೆ. ಟೆನ್ಶನ್ ಎಲ್ಲೂ ಕಾಣಿಸುವುದೇ ಇಲ್ಲ.

ಯಾಕೆ? ಗುಂಡು ಓಡುವ ದಿಕ್ಕಿಗೆ ಹಗ್ಗ ಯಾವಾಗಲೂ ಲಂಬವಾಗಿ ಎಳೆಯುತ್ತದೆ. ಭೌತಶಾಸ್ತ್ರದ ಪ್ರಕಾರ ಅದು ಮಾಡುವ ಕೆಲಸ ಸೊನ್ನೆ. ಕೆಲಸ ಮಾಡದ್ದನ್ನು ಲೆಕ್ಕದಿಂದ ಬಿಡಬಹುದು. ಮೊದಲ ಸಲ ಇದನ್ನು ನೋಡಿ ಖುಷಿಪಟ್ಟಿದ್ದೆ. ಪುಟಗಟ್ಟಲೆ ಲೆಕ್ಕ ನಾಲ್ಕು ಸಾಲಿಗೆ ಇಳಿದಿತ್ತು.

ಆದರೆ ಸೊನ್ನೆಯಾದದ್ದು ಕೆಲಸ, ಭಾರವಲ್ಲ. ಹಗ್ಗವನ್ನು ಅಡ್ಡಕ್ಕೆ ಬಿಗಿಯಾಗಿ ಹಿಡಿದು ಗುಂಡನ್ನು ಬಿಡಿ. ಅದು ತಳಕ್ಕೆ ಬರುವ ಕ್ಷಣದಲ್ಲಿ ಹಗ್ಗದ ಟೆನ್ಶನ್ ಗುಂಡಿನ ತೂಕದ 3 ಪಟ್ಟು. ನಮ್ಮ ಚೆಂದದ ನಾಲ್ಕು ಸಾಲಿನಲ್ಲಿ ಇದರ ಸುಳಿವೇ ಇಲ್ಲ. ಹಗ್ಗಕ್ಕೆ ತೂಕ ಇಲ್ಲ, ಅದು ಹಿಗ್ಗಲ್ಲ, ಎಂದೂ ಹರಿಯಲ್ಲ ಅಂತ ಮೊದಲೇ ಒಪ್ಪಿಕೊಂಡು ಕೂತಿರುತ್ತೇವೆ.

ನಮ್ಮನೆ ಲೆಕ್ಕವೂ ಅಷ್ಟೇ ಚೆಂದವಾಗಿತ್ತು. ನನ್ನ ಸಂಬಳ, ಅಪ್ಪನ ಪೆನ್ಷನ್, ಇಎಂಐ, ಅಜ್ಜಿಯ ಔಷಧಿ, ಎಲ್ಲ ಎಕ್ಸೆಲ್ ಶೀಟಿನಲ್ಲಿ. ರಾತ್ರಿ ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಎದ್ದು ಅಜ್ಜಿಯ ಮಗ್ಗುಲು ಬದಲಿಸುವವಳಿಗೆ ಒಂದು ಸಾಲೂ ಇರಲಿಲ್ಲ. ಹಾಗಂತ ಅಮ್ಮನನ್ನು ಮರೆತಿದ್ದೆ ಅಂತಲ್ಲ. ಮದರ್ಸ್ ಡೇಗೆ “ನನ್ನಮ್ಮ ದೇವರು” ಅಂತ ಸ್ಟೇಟಸ್ ಹಾಕಿದ್ದೆ. ಈಗನಿಸುತ್ತೆ, ಹೊಗಳಿಕೆಯೂ ಲೆಕ್ಕದಿಂದ ಬಿಡುವ ಒಂದು ದಾರಿಯೇ. ದೇವರಿಗೆ ಸೊಂಟ ನೋಯಲ್ಲ ನೋಡಿ.

ಲಗ್ರಾಂಜ್ ಮೋಸ ಮಾಡಿದವನಲ್ಲ. ಟೆನ್ಶನ್ ಎಷ್ಟು ಅಂತ ತಿಳಿಯಬೇಕಾದವರಿಗೆ ಅವನೇ ಇನ್ನೊಂದು ದಾರಿ ಕೊಟ್ಟಿದ್ದಾನೆ. ಹಗ್ಗದ ಕಟ್ಟುಪಾಡನ್ನು ಲ್ಯಾಂಬ್ಡಾ ಎಂಬ ಗುಣಕದ ಜೊತೆ ಸಮೀಕರಣಕ್ಕೆ ವಾಪಸ್ ಸೇರಿಸಬೇಕು. ಲೆಕ್ಕ ಉದ್ದವಾಗುತ್ತೆ. ಗುಂಡಿನ ಚಲನೆ ಮೊದಲಿನದೇ ಬರುತ್ತೆ. ಜೊತೆಗೆ ಹಗ್ಗ ಹೊತ್ತದ್ದು ಎಷ್ಟು ಅಂತಲೂ ಸಿಗುತ್ತೆ. ಅದು ಹೊಗಳಿಕೆಯಲ್ಲ, ಒಂದು ಸಂಖ್ಯೆ.

“ರಾತ್ರಿ ಎಷ್ಟ್ ಗಂಟೆ ನಿದ್ದೆ ಮಾಡ್ತೀಯಮ್ಮ?” ಅಂತ ಕೇಳಿದೆ. “ಲೆಕ್ಕ ಇಡೋಕೆ ಇದೇನು ಅಂಗಡೀನಾ?” ಅಂತ ನಕ್ಕಳು. ಆ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಪ್ರೀತಿಯನ್ನು ಗಂಟೆಯಲ್ಲಿ ಅಳೆದರೆ ಅದು ಕೂಲಿಯಾಗಿಬಿಡುತ್ತೆ ಎಂಬ ಅಳುಕು ಸುಳ್ಳಲ್ಲ. ಆದರೆ ಲೆಕ್ಕ ಹಾಕುವುದು ಸಾಲ ತೀರಿಸೋಕೇ ಆಗಬೇಕಾ? ಹಗ್ಗ ಹರಿಯುವ ಮುಂಚೆ ಕೈ ಕೊಡೋಕೂ ಲೆಕ್ಕ ಬೇಕು. ಎಷ್ಟು ಭಾರ ಅಂತ ಗೊತ್ತಿಲ್ಲದವನು ಎಷ್ಟನ್ನು ಹಂಚಿಕೊಂಡಾನು?

ಈಗ ವಾರಕ್ಕೆ ಮೂರು ರಾತ್ರಿ ಅಲಾರಂ ನನ್ನ ಫೋನಿನಲ್ಲಿ. ಮೊದಲ ರಾತ್ರಿ ಕಳೆದು ಬೆಳಿಗ್ಗೆ ಸ್ಟ್ಯಾಂಡಪ್ ಮೀಟಿಂಗಿನಲ್ಲಿ ಎಂದಿನ ಪ್ರಶ್ನೆ ಬಂತು: ನಿನ್ನೆ ಏನೇನು ಕೆಲಸ ಆಯ್ತು? ಟಿಕೆಟ್ ನಂಬರ್ ಹೇಳಿ ಸುಮ್ಮನಾದೆ. ಉಳಿದದ್ದನ್ನು ಬರೆಯೋಕೆ ಆ ಬೋರ್ಡಿನಲ್ಲಿ ಜಾಗವೇ ಇರಲಿಲ್ಲ.