ಮಗೂನ ಯಾರು ನೋಡ್ಕೋತಾರೆ?

ಈ ಪ್ರಶ್ನೆ ಕೇಳಿದವನು ನಾನೇ. ಇಂಟರ್‌ವ್ಯೂನಲ್ಲಿ ಆಕೆ ಕೋಡ್ ಚೆನ್ನಾಗೇ ಬರೆದಿದ್ದರು. ಬಾಣಂತನಕ್ಕೆ ಕೆಲಸ ಬಿಟ್ಟು ಎರಡು ವರ್ಷದ ಮೇಲೆ ವಾಪಸ್ ಬರ್ತಿದ್ದಾರೆ ಅಂತ ಗೊತ್ತಾಯ್ತು. ‘ರಾತ್ರಿ ರಿಲೀಸ್ ಇದ್ರೆ ಮಗೂನ ಯಾರು ನೋಡ್ಕೋತಾರೆ?’ ಅಂದೆ. ‘ಮ್ಯಾನೇಜ್ ಮಾಡ್ತೀನಿ ಸರ್’ ಅಂದರು. ‘ಲಭ್ಯತೆ ಬಗ್ಗೆ ಅನುಮಾನ’ ಅಂತ ಫೀಡ್‌ಬ್ಯಾಕ್ ಬರೆದೆ. ಅವರಿಗಿಂತ ಮುಂಚೆ ಬಂದವನಿಗೂ ಎರಡು ವರ್ಷದ ಮಗಳಿದ್ದಳು. ಗಂಡಸು ನೋಡಿ, ಕೇಳಬೇಕು ಅಂತ ಹೊಳೀಲೇ ಇಲ್ಲ.

ಆಮೇಲೆ ಟೀ ಹೊತ್ತಲ್ಲಿ ಎಂದಿನ ವಾದ. ಹೆಣ್ಣು, ಜಾತಿ, ಊರು ಅಂತ ಲೆಕ್ಕ ಹಾಕಿ ತಗೊಂಡ್ರೆ ಮೆರಿಟ್ ಕತೆ ಏನು? ನಾನೂ ತಲೆಯಾಡಿಸಿದೆ.

ನಾನು ಮೆರಿಟ್ ಮೊದಲು ನೋಡಿದ್ದು ಮೂಡಿಗೆರೆ ಹತ್ರದ ಕಾಫಿ ತೋಟದಲ್ಲಿ. ಕುಯ್ಲಿನ ಸಂಜೆ ಹಣ್ಣಿನ ಚೀಲ ತಕ್ಕಡಿಗೆ ಬರುತ್ತೆ. ತಕ್ಕಡಿಗೆ ಗಂಡು ಹೆಣ್ಣು ಗೊತ್ತಿಲ್ಲ, ಕಳಸದವರಾ ಅಸ್ಸಾಮಿನವರಾ ಗೊತ್ತಿಲ್ಲ. ನಮ್ಮವ್ವ ಎಷ್ಟೋ ಗಂಡಸರಿಗಿಂತ ಹೆಚ್ಚು ತೂಗಿಸೋಳು. ಆದ್ರೆ ತೂಕ ಬರ್ಕೊಳ್ಳೋ ರೈಟರ್ ಜಾಗದಲ್ಲಿ ಒಬ್ಬ ಹೆಂಗಸನ್ನೂ ನಾನು ಕಾಣಲಿಲ್ಲ. ಅಳತೆ ಎಷ್ಟೇ ಸರಿಯಿದ್ರೂ ಪುಸ್ತಕ ಮಾತ್ರ ಅವರ ಕೈಗೆ ಬರಲಿಲ್ಲ.

1974ರಲ್ಲಿ ಸುಧಾ ಕುಲಕರ್ಣಿ, ಅಂದ್ರೆ ಈಗಿನ ಸುಧಾ ಮೂರ್ತಿ, ಜೆ.ಆರ್.ಡಿ. ಟಾಟಾ ಅವರಿಗೆ ಪೋಸ್ಟ್ ಕಾರ್ಡ್ ಬರೆದದ್ದು ಗೊತ್ತಲ್ಲ. ಹೆಂಗಸರು ಅರ್ಜಿ ಹಾಕೋದು ಬೇಡ ಅಂತಿತ್ತು ಟೆಲ್ಕೋ ಜಾಹೀರಾತು. ಅಲ್ಲಿ ಅಡ್ಡ ಬಂದದ್ದು ಅಂಕ ಅಲ್ಲವಲ್ಲ! ಈಗ ಜಾಹೀರಾತಲ್ಲಿ ಹಾಗೆ ಬರೆಯೋಕಾಗಲ್ಲ. ನನ್ನಂಥವನು ಫೀಡ್‌ಬ್ಯಾಕಲ್ಲಿ ಬರೀತಾನೆ.

ಅವ್ವನ್ನ ಯಾರೂ ಆ ಪ್ರಶ್ನೆ ಕೇಳಲಿಲ್ಲ. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ಅದನ್ನ ತೋಟದ ಮಾಲೀಕರಿಗೆ ಕೇಳಿತ್ತು: 50 ಹೆಂಗಸರು ದುಡಿಯೋ ಕಡೆ ಕೂಸುಗಳನ್ನ ನೋಡ್ಕೊಳ್ಳೋಕೆ ಕೋಣೆ ಇರಬೇಕು. ಅಂಥದ್ದೇ ಒಂದು ಶೀಟಿನ ಕೋಣೆಯಲ್ಲಿ ನಾನು ಬೆಳೆದೆ. (ಲೈನ್ ಮನೆ ಸ್ವರ್ಗ ಅಂತಲ್ಲ. ಮಳೆಗಾಲದಲ್ಲಿ ಪಾತ್ರೆ ಸಾಲದಷ್ಟು ಸೋರೋದು.) ಆ ಕೋಣೆ ಇಲ್ದಿದ್ರೆ ಅವ್ವನ ಕೂಲಿ ಇಲ್ಲ, ನನ್ನ ಬಿ.ಇ. ಫೀಸೂ ಇಲ್ಲ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ 50 ಜನ ಇರೋ ಆಫೀಸಿಗೂ ಕ್ರೆಷ್ ಬೇಕು ಅಂದಿತು. ಗಮನಿಸಿ, 50 ಹೆಂಗಸರು ಅಲ್ಲ, 50 ನೌಕರರು. ಅಪ್ಪಂದಿರೂ ಲೆಕ್ಕಕ್ಕೆ ಬಂದರು. ನನ್ನ ತಲೆಯೊಳಗೆ ಇನ್ನೂ ಬಂದಿರಲಿಲ್ಲ.

ವಾರದ ಮೇಲೆ ಫೀಡ್‌ಬ್ಯಾಕ್ ತಿದ್ದಿ ಎಚ್.ಆರ್.ಗೆ ಮೇಲ್ ಹಾಕಿದೆ. ಅಷ್ಟರಲ್ಲಿ ಜಾಗ ತುಂಬಿತ್ತು. ಮುಂಚೆ ಬಂದಿದ್ದವನು ಈಗ ನನ್ನ ಪಕ್ಕದ ಸೀಟು. ಒಳ್ಳೆ ಹುಡುಗ. ನಿನ್ನೆ ರಿಲೀಸ್ ಇತ್ತು, ಮಗಳಿಗೆ ಜ್ವರ ಅಂತ ಬೇಗ ಮನೆಗೆ ಹೋದ.