ನಗೆಯೂ ಹೊಗೆಯೂ

ಚಟಾಕಿಯೊಂದು ಸಿಡಿಯಬೇಕಾದರೆ ಹೇಳುವವರಿಗೂ ಕೇಳುವವರಿಗೂ ನಡುವೆ ಮೊದಲೇ ಒಂದು ಒಪ್ಪಂದ ಇರಬೇಕು. ಹೆಂಡತಿ ಎಂದರೆ ಕಾಟ, ಅತ್ತೆ ಎಂದರೆ ಗಯ್ಯಾಳಿ ಎಂದು ಸಭೆ ಆಗಲೇ ನಂಬಿರುವುದರಿಂದ ಅಂಥ ಹಾಸ್ಯಕ್ಕೆ ಚಪ್ಪಾಳೆ ಸುಲಭ. ಈ ಒಪ್ಪಂದದಲ್ಲಿ ಪಾಲಿಲ್ಲದವರು ವೇದಿಕೆ ಹತ್ತಿದರೆ ಎರಡು ದಾರಿಗಳಿವೆ: ತಮ್ಮನ್ನೇ ಗೇಲಿ ಮಾಡಿಕೊಂಡು ಸಭೆಯನ್ನು ಒಲಿಸಿಕೊಳ್ಳುವುದು, ಇಲ್ಲವೇ ಬೇರೆ ಒಪ್ಪಂದದ ಸಭೆಯನ್ನೇ ಕಟ್ಟುವುದು. ಅಮೆರಿಕದ ಲೆಸ್ಬಿಯನ್ ಸ್ತ್ರೀವಾದಿ ಹಾಸ್ಯಗಾರ್ತಿ ಕೇಟ್ ಕ್ಲಿಂಟನ್ ಎರಡನೆಯದನ್ನು ಹಿಡಿದರು. ಹಾಸ್ಯ ಯಾರ ಪರ ಎಂಬುದು ತೀರ್ಮಾನವಾಗುವುದು ಮಾತಿಗಿಂತ ಮೊದಲು ಸಭೆಯಲ್ಲಿ ಎಂಬುದಕ್ಕೆ ಅವರ ವೃತ್ತಿಜೀವನವೇ ಸಾಕ್ಷಿ.

ನ್ಯೂಯಾರ್ಕ್ ರಾಜ್ಯದಲ್ಲಿ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದ ಕ್ಲಿಂಟನ್ 1981ರಲ್ಲಿ ಸ್ಟ್ಯಾಂಡ್‌ಅಪ್‌ಗೆ ಇಳಿದರು. ಅದಕ್ಕೆ ಎರಡು ವರ್ಷ ಮೊದಲು ರಾಬಿನ್ ಟೈಲರ್ ಎಂಬ ಹಾಸ್ಯಗಾರ್ತಿ ತಾವು ಲೆಸ್ಬಿಯನ್ ಎಂದು ಬಹಿರಂಗವಾಗಿ ಹೇಳಿಕೊಂಡೇ ಹಾಸ್ಯದ ಧ್ವನಿಮುದ್ರಿಕೆ ತಂದಿದ್ದರು. ಕ್ಲಿಂಟನ್ ಬೆಳೆದದ್ದು ಗಂಡಸರದೇ ದರ್ಬಾರಾಗಿದ್ದ ಕಾಮಿಡಿ ಕ್ಲಬ್ಬುಗಳಲ್ಲಿ ಅಲ್ಲ. ಮಹಿಳಾ ಸಂಗೀತೋತ್ಸವಗಳಲ್ಲಿ, ಸ್ತ್ರೀವಾದಿ ಸಂಘಟನೆಗಳ ಕೂಟಗಳಲ್ಲಿ. 1982ರಲ್ಲಿ ‘ಮೇಕಿಂಗ್ ಲೈಟ್’ ಎಂಬ ಧ್ವನಿಮುದ್ರಿಕೆ ಬಂತು. ಆ ಕೂಟಗಳಲ್ಲಿ ಕೂತವರಿಗೆ ಹೆಣ್ಣು ಹೆಣ್ಣನ್ನು ಪ್ರೀತಿಸುವುದು ಬೆಚ್ಚಿ ನಗುವ ವಿಷಯವಲ್ಲ, ದಿನನಿತ್ಯದ ಬಾಳು. ಹಾಗಾಗಿ ತಮ್ಮ ಬದುಕಿಗೆ ವಿವರಣೆ ಕೊಡುತ್ತ ಕೂರದೆ ಕ್ಲಿಂಟನ್ ನೇರವಾಗಿ ಕ್ಯಾಥೊಲಿಕ್ ಚರ್ಚನ್ನೂ ಅಧಿಕಾರಸ್ಥರನ್ನೂ ಗೇಲಿಗೆ ಎಳೆಯಬಹುದಿತ್ತು. ತಮಗೆ ಅವರು ಇಟ್ಟುಕೊಂಡ ಹೆಸರು ‘ಫ್ಯೂಮರಿಸ್ಟ್’: ಸ್ತ್ರೀವಾದಿಯೂ ಹಾಸ್ಯಗಾರ್ತಿಯೂ ಒಂದೇ ಪದದಲ್ಲಿ ಬೆರೆತು, ಒಳಗೆ ಸಿಟ್ಟು ಹೊಗೆಯಾಡುವ ಅರ್ಥವೂ ಸೇರಿಕೊಂಡ ಹೆಸರು.

ತಮ್ಮವರೆದುರು ತಮ್ಮ ಮಾತಾಡುವುದರಲ್ಲಿ ಏನು ಹೆಚ್ಚುಗಾರಿಕೆ ಎಂದು ಕೇಳಬಹುದು. ಆದರೆ ಗಂಡಸರು ಗಂಡಸರಿಗಾಗಿ ಹೆಣೆದ ಹಾಸ್ಯವೂ ತಮ್ಮವರೆದುರಿನದೇ. ಆ ಗುಂಪು ದೊಡ್ಡದಾಗಿದ್ದರಿಂದ ಅದಕ್ಕೆ ‘ಎಲ್ಲರೂ’ ಎಂಬ ಹೆಸರು ಬಿತ್ತು, ಅಷ್ಟೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಹಾಸ್ಯಪಟು ಹ್ಯಾನಾ ಗ್ಯಾಡ್ಸ್‌ಬಿ ಅವರದು. ಗಂಡಸರ ಸಲಿಂಗ ಸಂಬಂಧ 1997ರವರೆಗೂ ಅಪರಾಧವಾಗಿದ್ದ ಆ ದ್ವೀಪದಲ್ಲಿ ಬೆಳೆದ ಅವರು, 2018ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ‘ನ್ಯಾನೆಟ್’ ಪ್ರದರ್ಶನದಲ್ಲಿ, ಬಸ್ ನಿಲ್ದಾಣದಲ್ಲಿ ಗಂಡಸೊಬ್ಬ ಎದುರಾದ ಘಟನೆಯೊಂದನ್ನು ಮೊದಲು ತಮಾಷೆಯಾಗಿ ಹೇಳುತ್ತಾರೆ. ಜನ ನಕ್ಕು ಮುಗಿಸಿದ ಎಷ್ಟೋ ಹೊತ್ತಿನ ಮೇಲೆ, ಆ ಗಂಡಸು ಹಿಂತಿರುಗಿ ಬಂದು ತಮ್ಮನ್ನು ಹೊಡೆದಿದ್ದನ್ನು ಹೇಳುತ್ತಾರೆ. ಚಟಾಕಿ ಬಿಗುವನ್ನು ಹುಟ್ಟಿಸಿ ಸಡಿಲಿಸುತ್ತದೆ, ನಗಿಸುವ ಅವಸರದಲ್ಲಿ ಕಥೆಯ ಕೊನೆಯನ್ನು ಕತ್ತರಿಸುತ್ತದೆ, ಅಂಚಿನಲ್ಲಿರುವವರ ಆತ್ಮಗೇಲಿ ವಿನಯವಲ್ಲ, ಅವಮಾನ ಎಂಬುದು ಅವರ ವಾದ. ನಿಜ. ಆದರೆ ಅದು ಅನ್ವಯಿಸುವುದು ಮೊದಲ ದಾರಿಗೆ: ಅಪರಿಚಿತ ಸಭೆಯ ಆತಂಕವನ್ನು ಗಾಯಗೊಂಡವರೇ ತಣಿಸಬೇಕಾದ ಸ್ಥಿತಿಗೆ. ಹೊಡೆತದ ಕಥೆಯ ಕೊನೆ ಮೊದಲೇ ಗೊತ್ತಿರುವವರ ನಡುವೆ ಅದನ್ನು ಬಚ್ಚಿಡುವ ಅಗತ್ಯವೇ ಇರುವುದಿಲ್ಲ. ಹಾಸ್ಯ ಬಿಡುವ ಮಾತಾಡಿದ್ದ ಗ್ಯಾಡ್ಸ್‌ಬಿ 2020ರಲ್ಲಿ ನೆಟ್‌ಫ್ಲಿಕ್ಸ್‌ಗೆ ‘ಡಗ್ಲಸ್’ ಪ್ರದರ್ಶನದೊಂದಿಗೆ ಮರಳಿದಾಗ, ಮುಂದೆ ಏನೇನು ಬರಲಿದೆ ಎಂಬುದನ್ನು ಆರಂಭದಲ್ಲೇ ಪಟ್ಟಿಮಾಡಿ ಸಭೆಯ ಜೊತೆ ಹೊಸ ಒಪ್ಪಂದ ಮಾಡಿಕೊಂಡರು.

ನಕ್ಕರೆ ಸಿಟ್ಟು ಕರಗಿ ಹೋರಾಟ ಸೊರಗುತ್ತದೆ ಎಂಬ ಅಂಜಿಕೆ ಉಳಿಯುತ್ತದೆ. ಕ್ಲಿಂಟನ್ ಅವರ ದೀರ್ಘಕಾಲದ ಸಂಗಾತಿಯಾಗಿದ್ದ, ದಿಲ್ಲಿಯಲ್ಲಿ ಹುಟ್ಟಿದ ಊರ್ವಶಿ ವೈದ್, 1990ರಲ್ಲಿ ಏಡ್ಸ್ ಕುರಿತು ಅಧ್ಯಕ್ಷ ಬುಷ್ ಭಾಷಣ ಮಾಡುತ್ತಿದ್ದಾಗ ಫಲಕ ಎತ್ತಿ ಹಿಡಿದ ಹೋರಾಟಗಾರ್ತಿ. ಒಂದೇ ಮನೆಯಲ್ಲಿ ನಗೆಯೂ ಹೋರಾಟವೂ ಬಾಳಿದವು. ನಗೆ ಬೆಂಕಿಗೆ ನೀರೂ ಆಗಬಲ್ಲದು, ಊದುಕೊಳವೆಯೂ ಆಗಬಲ್ಲದು. ಯಾವುದಾಗುತ್ತದೆ ಎಂಬುದು ಒಲೆಯ ಸುತ್ತ ಕೂತವರ ಮೇಲೆ ನಿಂತಿದೆ.